ಅಟ್ಟದ ಮೇಲಿನ ಕೊಂಬು

ಬೆಂಗಳೂರಿನಿಂದ ಅರಸೀಕೆರೆಯ ಕಡೆಗೆ ಹೊರಟ ರೈಲು ತುಮಕೂರು, ಗುಬ್ಬಿಗಳನ್ನು ದಾಟುತ್ತಿದ್ದಂತೆ ಕಿಟಕಿಯ ಹೊರಗಿನ ನೋಟ ಮೆಲ್ಲಮೆಲ್ಲನೆ ಬದಲಾಗುತ್ತದೆ. ರಾಗಿಯ ಹೊಲ, ಹುಣಿಸೆಯ ತೋಪು, ಬೋಳು ದಿಣ್ಣೆಗಳ ನಡುವೆ ಅಲ್ಲೊಂದು ಇಲ್ಲೊಂದು ನಿಂತಿದ್ದ ತೆಂಗಿನ ಮರಗಳು ಸಾಲುಗೂಡುತ್ತವೆ, ಸಾಲುಗಳು ತೋಟಗಳಾಗುತ್ತವೆ, ತೋಟಗಳು ಕಣ್ಣು ಹರಿಯುವವರೆಗೂ ಹಬ್ಬಿಕೊಳ್ಳುತ್ತವೆ. ಬಾಣಸಂದ್ರ, ಅರಳಗುಪ್ಪೆಗಳು ಕಳೆದು ತಿಪಟೂರು ಸಮೀಪಿಸುವ ಹೊತ್ತಿಗೆ ‘ಕರಡಿ’ ಎಂಬ ಪುಟ್ಟ ನಿಲ್ದಾಣವೊಂದು ಎದುರಾಗುತ್ತದೆ. ಹಲಗೆಯ ಮೇಲಿನ ಆ ಹೆಸರನ್ನು ಓದಿದ ಹೊಸಬರ ಮುಖದಲ್ಲಿ ಸಣ್ಣದೊಂದು ನಗೆ ಮೂಡುವುದುಂಟು. ತೆಂಗಿನ ತಣ್ಣೆಳಲಿನ ಈ ಸೌಮ್ಯವಾದ ಸೀಮೆಗೂ ಕರಡಿಗೂ ಏನು ಸಂಬಂಧ?

ಸಂಬಂಧವುಂಟು. ಊರಿನ ಹೆಸರಿನ ಮೂಲ ಏನೇ ಇರಲಿ, ಈ ಸೀಮೆಯ ಗುಡ್ಡಗಳಲ್ಲಿ ಕರಡಿ ಇತ್ತು, ಈಗಲೂ ಇದೆ. ಚಿರತೆ ಇದೆ, ನವಿಲು ಇದೆ. ಇವುಗಳನ್ನು ಅಟ್ಟಿಸಿಕೊಂಡು ಹೋದ ಮನುಷ್ಯರ ಕಥೆಯೂ ಇಲ್ಲಿ ಸಾವಿರ ವರ್ಷಗಳಿಗಿಂತ ಹಳೆಯದು. ಬೇಟೆ ನಿಂತುಹೋಗಿದೆ, ಅದರ ಗುರುತುಗಳು ಮಾತ್ರ ಕೆಲವು ಮನೆಗಳ ಗೋಡೆಯಲ್ಲಿ, ಅಟ್ಟದಲ್ಲಿ, ದೇವರ ಕೋಣೆಯಲ್ಲಿ ಇಂದಿಗೂ ಉಳಿದಿವೆ. ಅವನ್ನು ಏನು ಮಾಡಬೇಕೆಂಬುದೇ ಈಗ ಆ ಮನೆಗಳವರ ಮುಂದಿರುವ ಪ್ರಶ್ನೆ.

ಕೊಬ್ಬರಿಯ ಮನೆ

ತಿಪಟೂರು ಬೆಂಗಳೂರಿನಿಂದ ಸುಮಾರು 140 ಕಿಲೋಮೀಟರ್ ದೂರದಲ್ಲಿದೆ. ಈ ಊರಿನ ಕೊಬ್ಬರಿಯ ಕೀರ್ತಿ ಉತ್ತರ ಭಾರತದ ಮಾರುಕಟ್ಟೆಗಳವರೆಗೂ ಹಬ್ಬಿದೆ. ಇಲ್ಲಿಯ ತೆಂಗಿನ ತಳಿಗೆ ‘ತಿಪಟೂರು ಟಾಲ್’ ಎಂಬ ಹೆಸರೇ ಬಿದ್ದಿದೆ. ಬಲಿತ ಕಾಯಿಯನ್ನು ಕಿತ್ತೊಡನೆ ಒಡೆಯುವುದು ಈ ಸೀಮೆಯ ಪದ್ಧತಿಯಲ್ಲ. ಸಿಪ್ಪೆಯ ಸಮೇತ ಅದನ್ನು ಅಟ್ಟಕ್ಕೆ ಏರಿಸಿ, ಹತ್ತು ಹನ್ನೊಂದು ತಿಂಗಳು ಹಾಗೆಯೇ ಬಿಡುತ್ತಾರೆ. ನೆರಳು, ಗಾಳಿ, ಕೆಳಗಿನ ಒಲೆಯಿಂದ ಏರುವ ತೆಳ್ಳನೆಯ ಹೊಗೆ ಮತ್ತು ಬಿಸುಪು ಇವಿಷ್ಟೇ ಅದಕ್ಕೆ ಬೇಕಾದ ಉಪಚಾರ. ಒಳಗಿನ ನೀರು ಇಂಗುತ್ತದೆ; ತಿರುಳು ಕರಟದಿಂದ ಬಿಡಿಸಿಕೊಂಡು ಉಂಡೆಯಾಗುತ್ತದೆ. ಕಾಯಿಯನ್ನು ಕಿವಿಯ ಬಳಿ ಹಿಡಿದು ಅಲುಗಿಸಿದಾಗ ಒಳಗೆ ಗಡಗಡ ಸದ್ದು ಕೇಳಿದರೆ ಕೊಬ್ಬರಿ ಸಿದ್ಧವಾಯಿತೆಂದು ಅರ್ಥ.

ಕೆಡುವ ವಸ್ತುವನ್ನು ಕೆಡದಂತೆ ಕಾಯುವ ವಿದ್ಯೆ ಈ ಜನರಿಗೆ ಹೀಗೆ ಮನೆಯಲ್ಲಿಯೇ ಕರಗತವಾಗಿದೆ. ಬೇಟೆಯ ಗುರುತುಗಳೂ ಬಹುಮಟ್ಟಿಗೆ ಇದೇ ಅಟ್ಟದ ಆಶ್ರಯದಲ್ಲಿ ಉಳಿದುಬಂದುವು. ಹಳೆಯ ತೊಟ್ಟಿಯ ಮನೆಗಳ ಕಂಬದಲ್ಲಿ ಪೇಟ, ಕೋಟುಗಳನ್ನು ತೂಗುಹಾಕಲು ಜಿಂಕೆಯ ಕೊಂಬು ಇರುತ್ತಿತ್ತು. ಜಪಕ್ಕೆ ಕೂಡಲು ಕೃಷ್ಣಾಜಿನ, ಮಗುವಿನ ಕೊರಳಿಗೆ ಹುಲಿಯುಗುರು, ಬೆಚ್ಚಿಬೀಳುವ ಮಗುವಿಗೆ ಕರಡಿಯ ಕೂದಲಿನ ತಾಯಿತ, ದೇವರ ಮುಂದೆ ನವಿಲುಗರಿಯ ಕುಂಚ, ಇವು ಯಾವುವೂ ಆ ಕಾಲದ ಗೃಹಸ್ಥನಿಗೆ ವಿಶೇಷವೆನಿಸಿರಲಿಲ್ಲ. ಉಪನಯನದ ವಟುವಿನ ಜನಿವಾರಕ್ಕೆ ಕೃಷ್ಣಮೃಗದ ಚರ್ಮದ ಚೂರೊಂದನ್ನು ಕಟ್ಟುವ ಪದ್ಧತಿಯನ್ನು ಬಲ್ಲ ನಗರವಾಸಿಗಳು ಈಗಲೂ ಇದ್ದಾರೆ.

ಆ ಮೃಗಗಳೆಲ್ಲ ದೂರದ ಘೋರಾರಣ್ಯದಿಂದ ಬಂದವಲ್ಲ. ಹಿಂದೆ ಈ ಸೀಮೆಯಲ್ಲಿ ತೋಟಗಳಿಗಿಂತ ಬಯಲೇ ಹೆಚ್ಚಾಗಿತ್ತು. ಮೈಸೂರು ಅರಸರ ಅಮೃತಮಹಲ್ ದನಗಳಿಗಾಗಿ ಮೀಸಲಿಟ್ಟ ಹುಲ್ಲುಗಾವಲುಗಳನ್ನು ‘ಕಾವಲು’ ಎಂದು ಕರೆಯುತ್ತಿದ್ದರು. ದನ ಮೇಯುವ ಹುಲ್ಲಿನಲ್ಲಿ ಕೃಷ್ಣಮೃಗವೂ ಮೇಯುತ್ತಿತ್ತು. ಗೌಜಲು, ಲಾವಕ್ಕಿಗಳು ಗೂಡು ಮಾಡುತ್ತಿದ್ದುವು. ಇಂದು ತುಮಕೂರು ಜಿಲ್ಲೆಯಲ್ಲಿ ಕೃಷ್ಣಮೃಗವನ್ನು ಹಿಂಡು ಹಿಂಡಾಗಿ ನೋಡಬೇಕಾದರೆ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಬಯಲಿಗೆ ಹೋಗಬೇಕು. ಆ ಬಯಲನ್ನು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು.

ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಯುಗಾದಿಯ ಮರುದಿನದ ಹೊಸತೊಡಕಿಗೆ ಊರಿನ ಗಂಡಸರು ಗುಂಪುಗೂಡಿ ಬೇಟೆಗೆ ಹೊರಡುವ ರೂಢಿಯಿತ್ತು. ಬಲೆ, ಈಟಿ, ನಾಯಿ ಇವೇ ಅವರ ಸಲಕರಣೆ. ಅನುಕೂಲವಂತರ ಬಳಿ ಕೋವಿಯೂ ಇರುತ್ತಿತ್ತು. ಹಕ್ಕಿಯ ಬೇಟೆಯ ಉಪಾಯ ಬೇರೆ. ಪಳಗಿಸಿದ ಗೌಜಲನ್ನು ಪಂಜರದಲ್ಲಿಟ್ಟು ಕೂಗಿಸಿದರೆ, ಆ ಕೂಗಿಗೆ ಕೆರಳಿ ಬಂದ ಕಾಡುಹಕ್ಕಿ ಸುತ್ತ ಒಡ್ಡಿದ ಉರುಲಿಗೆ ಸಿಕ್ಕುತ್ತಿತ್ತು. ಈ ಮೋಸದ ಹಕ್ಕಿಗೆ, ಮೋಸದ ಮೃಗಕ್ಕೆ ಕನ್ನಡದಲ್ಲಿ ‘ದೀವ’ ಎಂಬ ಪ್ರಾಚೀನವಾದ ಶಬ್ದವೇ ಇದೆ.

ಗರಿಯ ಬೀಸಣಿಗೆ

ಬೇಟೆಯಾಡಿದವನಿಗೆ ಅದರ ಗುರುತೊಂದನ್ನು ಉಳಿಸಿಕೊಳ್ಳಬೇಕೆಂಬ ಆಸೆ ಎಲ್ಲ ದೇಶಗಳಲ್ಲಿಯೂ ಒಂದೇ. ಅಮೆರಿಕದ ಕಾಡುಗಳಲ್ಲಿ ಟರ್ಕಿ ಕೋಳಿಯ ಬೇಟೆ ಇಂದಿಗೂ ಕಾನೂನಿನ ಕಟ್ಟುಪಾಡಿನೊಳಗೆ ನಡೆಯುತ್ತದೆ. ಕುಲದ ಲೆಕ್ಕದಲ್ಲಿ ಈ ಹಕ್ಕಿ ನವಿಲಿಗೂ ಗೌಜಲಿಗೂ ನೆಂಟನೇ ಸರಿ. ನವಿಲಿನಂತೆ ಅದೂ ಹೆಣ್ಣಿನ ಮುಂದೆ ಬಾಲವನ್ನು ಬೀಸಣಿಗೆಯಂತೆ ಬಿಚ್ಚಿ ಮೆರೆಯುತ್ತದೆ. ಅಲ್ಲಿಯ ಬೇಟೆಗಾರರು ಉಳಿಸಿಕೊಳ್ಳುವುದು ಮುಖ್ಯವಾಗಿ ಮೂರು ವಸ್ತುಗಳನ್ನು: ಬಾಲದ ಗರಿಗಳು, ಎದೆಯ ಮೇಲೆ ಗಡ್ಡದಂತೆ ಜೋಲುವ ಬಿರುಸು ಎಳೆಗಳ ಕುಚ್ಚು, ಕಾಲಿನ ಮುಳ್ಳು.

ಅದರ ವಿಧಾನ ಸರಳವಾದರೂ ತಾಳ್ಮೆಯನ್ನು ಬೇಡುತ್ತದೆ. ಬಾಲವನ್ನು ಬುಡದ ಸಮೇತ ಬಿಡಿಸಿ, ಗರಿಗಳ ಬುಡದಲ್ಲಿರುವ ಮಾಂಸ ಕೊಬ್ಬುಗಳನ್ನು ಚೂರೂ ಉಳಿಯದಂತೆ ಕೆರೆದು ತೆಗೆಯಬೇಕು. ಕೊಬ್ಬು ಉಳಿದರೆ ಹುಳು ಬೀಳುವುದು ಖಂಡಿತ. ಅನಂತರ ಅಲ್ಲಿಗೆ ಬಿಳಿಗಾರವನ್ನು ತುಂಬಿ, ಗರಿಗಳನ್ನು ಬೀಸಣಿಗೆಯ ಆಕಾರಕ್ಕೆ ಹರಡಿ, ಹಲಗೆಯೊಂದರ ಮೇಲೆ ಸೂಜಿ ಚುಚ್ಚಿ ನಿಲ್ಲಿಸಿ, ಕೆಲವು ವಾರ ಒಣಗಲು ಬಿಡುತ್ತಾರೆ. ಒಣಗಿ ಗಟ್ಟಿಯಾದ ಮೇಲೆ ಮರದ ಫಲಕಕ್ಕೆ ಕೂಡಿಸಿ ಗೋಡೆಗೆ ತಗುಲಿಸುತ್ತಾರೆ. ಅನೇಕರು ಅದರ ಕೆಳಗೆ ಸ್ಥಳ, ದಿನಾಂಕಗಳನ್ನು ಬರೆದಿಡುವುದುಂಟು. ಈ ಚಿಕ್ಕ ಬರಹವೇ ಅದರ ಜೀವಾಳವೆಂಬುದು ಮುಂದೆ ಸ್ಪಷ್ಟವಾಗುತ್ತದೆ.

ಟರ್ಕಿಯ ವಿಷಯದಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಕಡಿವಾಣವಿಲ್ಲದ ಬೇಟೆ ಮತ್ತು ಕಾಡಿನ ನಾಶದಿಂದ 1930ರ ದಶಕದ ವೇಳೆಗೆ ಅಮೆರಿಕದಲ್ಲಿ ಈ ಹಕ್ಕಿಗಳ ಸಂಖ್ಯೆ ಸುಮಾರು 2 ಲಕ್ಷಕ್ಕೆ ಇಳಿದಿತ್ತೆಂದು ಅಂದಾಜು. ಬೇಟೆಯ ಕಾಲವನ್ನು, ಲೆಕ್ಕವನ್ನು ಕಟ್ಟುನಿಟ್ಟುಗೊಳಿಸಿ, ಹಕ್ಕಿಗಳು ಉಳಿದಿದ್ದ ಕಾಡುಗಳಿಂದ ಬರಿದಾದ ಕಾಡುಗಳಿಗೆ ಅವನ್ನು ಸಾಗಿಸಿ ಬಿಟ್ಟ ಮೇಲೆ ಸಂತತಿ ಹಲವು ಪಟ್ಟು ಹೆಚ್ಚಿ ಹತ್ತಾರು ಲಕ್ಷಗಳನ್ನು ಮುಟ್ಟಿತು. ಗೋಡೆಯ ಮೇಲಿನ ಬೀಸಣಿಗೆಗೆ ಅಲ್ಲಿ ಅರ್ಥವಿರುವುದು ಕಾಡಿನಲ್ಲಿ ಹಕ್ಕಿ ಇನ್ನೂ ಇದೆ ಎಂಬುದರಿಂದಲೇ.

ಮೈಸೂರಿನ ಕಾರ್ಖಾನೆ

ಕನ್ನಡನಾಡಿನಲ್ಲಿ ಬೇಟೆಯ ಗುರುತನ್ನು ಉಳಿಸುವ ಕೆಲಸ ಒಂದು ಕಾಲಕ್ಕೆ ಜಗತ್ಪ್ರಸಿದ್ಧವಾದ ಉದ್ಯಮವೇ ಆಗಿತ್ತು. ಮೈಸೂರಿನ ‘ವ್ಯಾನ್ ಇಂಗೆನ್ ಅಂಡ್ ವ್ಯಾನ್ ಇಂಗೆನ್’ ಸಂಸ್ಥೆಯನ್ನು ಯೂಜೀನ್ ವ್ಯಾನ್ ಇಂಗೆನ್ ಅವರು 1900ರ ಸುಮಾರಿಗೆ ಆರಂಭಿಸಿದರು. ಅವರ ಮಕ್ಕಳು ಅದನ್ನು ಬೆಳೆಸಿದರು. ಭಾರತದ ಮಹಾರಾಜರು, ಬ್ರಿಟಿಷ್ ಅಧಿಕಾರಿಗಳು, ಹೊರದೇಶದ ಅತಿಥಿಗಳು ಹೊಡೆದ ಹುಲಿ ಚಿರತೆಗಳ ಚರ್ಮಗಳು ಮೈಸೂರಿಗೆ ಬರುತ್ತಿದ್ದುವು. ಅಲ್ಲಿ ಚರ್ಮವನ್ನು ಹದಗೊಳಿಸಿ, ಕಾಗದದ ತಿರುಳಿನಿಂದ ಎರಕ ಹೊಯ್ದ ಹಗುರವಾದ ಬೊಂಬೆಯ ಮೇಲೆ ಹೊದಿಸಿ, ಗಾಜಿನ ಕಣ್ಣುಗಳನ್ನು ಕೂಡಿಸಿ, ಗರ್ಜಿಸುತ್ತಿರುವ ಹುಲಿಯನ್ನೇ ನಿಲ್ಲಿಸುತ್ತಿದ್ದರು. ಸಂಸ್ಥೆ ತನ್ನ ಆಯುಷ್ಯದಲ್ಲಿ ಕೈಯಾಡಿಸಿದ ಹುಲಿ ಚಿರತೆಗಳ ಸಂಖ್ಯೆ 43,000ವನ್ನು ಮೀರುತ್ತದೆಂದು ಲೆಕ್ಕಹಾಕಲಾಗಿದೆ. ಆ ಅಂಕಿಯನ್ನು ಓದುವಾಗ ಕುಶಲ ಕೈಗಳ ಬಗ್ಗೆ ಮೆಚ್ಚುಗೆ ಹುಟ್ಟುವಂತೆಯೇ ಎದೆಯಲ್ಲಿ ಒಂದು ಅಳುಕೂ ಹುಟ್ಟುತ್ತದೆ. ಬೇಟೆಯ ಯುಗ ಮುಗಿದ ಮೇಲೆ ಕೆಲಸ ಕುಗ್ಗಿ, 1999ರಲ್ಲಿ ಕಾರ್ಖಾನೆ ಬಾಗಿಲು ಮುಚ್ಚಿತು. ಸೋದರರಲ್ಲಿ ಕೊನೆಯವರಾಗಿ ಉಳಿದಿದ್ದ ಜುಬೇರ್ ವ್ಯಾನ್ ಇಂಗೆನ್ ಅವರು 2013ರಲ್ಲಿ, ನೂರರ ವಯಸ್ಸಿನಲ್ಲಿ ತೀರಿಕೊಂಡರು.

ಇಂಥ ಪರಿಣತರ ಕೈಯಲ್ಲಿ ಸಿದ್ಧವಾದುದಕ್ಕೂ ಕಾಲದ ಕಾಟ ತಪ್ಪಿದ್ದಲ್ಲ. ತೇವ ಹಿಡಿದರೆ ಚರ್ಮ ಬಿರಿಯುತ್ತದೆ, ಕೂದಲು ಉದುರುತ್ತದೆ, ಜೀರುಂಡೆಯ ಮರಿಗಳು ಒಳಗಿನಿಂದ ಕೊರೆಯುತ್ತವೆ. ಹಿಂದಿನ ಕಾಲದಲ್ಲಿ ಹುಳು ಬೀಳದಿರಲೆಂದು ಚರ್ಮಕ್ಕೆ ಪಾಷಾಣ ಸವರುವ ರೂಢಿ ಜಗತ್ತಿನಲ್ಲೆಲ್ಲ ಇತ್ತು. ಆದಕಾರಣ ಬಹಳ ಹಳೆಯದಾದ, ತುಂಬಿಸಿಟ್ಟ ಪ್ರಾಣಿಯನ್ನು ಮಕ್ಕಳ ಕೈಗೆ ಕೊಡುವುದು ಕ್ಷೇಮವಲ್ಲ; ಬರಿಗೈಯಲ್ಲಿ ಧೂಳು ಝಾಡಿಸುವುದೂ ತರವಲ್ಲ. ಕೊಂಬಾದರೋ ಗಟ್ಟಿಜೀವ. ಅಟ್ಟದಲ್ಲಿ ನೂರು ವರ್ಷ ಬಿದ್ದಿದ್ದರೂ ಒರಸಿದರೆ ಮತ್ತೆ ಹೊಳೆಯುತ್ತದೆ. ಆದರೆ ಅದು ಯಾರು ತಂದದ್ದು, ಯಾವ ಗುಡ್ಡದ್ದು, ಯಾವ ವರ್ಷದ್ದು ಎಂಬುದನ್ನು ಬಲ್ಲ ಹಿರಿಯರು ಕಣ್ಣು ಮುಚ್ಚಿದ ದಿನ ಕೊಂಬು ಮೂಕವಾಗುತ್ತದೆ.

ತುರುವೇಕೆರೆಯ ಹಾದಿಯಲ್ಲಿ

ತಿಪಟೂರಿನಿಂದ ದಕ್ಷಿಣಕ್ಕೆ ತಿರುಗಿದರೆ ತೆಂಗು ಅಡಕೆಗಳ ನಡುವೆ ಹಾಯುವ ದಾರಿ ತುರುವೇಕೆರೆಯನ್ನು ಮುಟ್ಟಿಸುತ್ತದೆ. ಹೇಮಾವತಿಯ ನೀರು ಬಾಗೂರು ನವಿಲೆಯ ಸುರಂಗವನ್ನು ಹಾಯ್ದು ಈ ಜಿಲ್ಲೆಗೆ ಇಳಿದ ಮೇಲೆ ಇಲ್ಲಿಯ ಕೆರೆಗಳಿಗೆ ಹೊಸ ಆಸರೆ ದೊರೆಯಿತು. ನವಿಲೆ ಎಂಬ ಹೆಸರು ಕಿವಿಗೆ ಬಿದ್ದೊಡನೆ ನವಿಲಿನ ನೆನಪಾಗದೆ ಇರದು. ತುರುವೇಕೆರೆ ಹೊಯ್ಸಳರ ಕಾಲದ ಅಗ್ರಹಾರ. ಚೆನ್ನಿಗರಾಯ, ಮೂಲೆ ಶಂಕರೇಶ್ವರ, ಗಂಗಾಧರೇಶ್ವರ ದೇವಾಲಯಗಳನ್ನು ನೋಡಲು ಬರುವವರು ಕಪ್ಪುಕಲ್ಲಿನ ನುಣುಪಾದ ನಂದಿಯ ಮುಂದೆ ಬಹಳ ಹೊತ್ತು ನಿಲ್ಲುತ್ತಾರೆ. ಕಲ್ಲಿಗೆ ಕನ್ನಡಿಯ ಮೆರುಗು ಕೊಟ್ಟ ಆ ಕೈಗಳ ಕೆಲಸ ಇಂದಿಗೂ ಮಾಸಿಲ್ಲ.

‘ತುರು’ ಎಂದರೆ ಹಸು. ತುರುಗಳನ್ನು ಹಿಡಿಯಲು ಬಂದ ಶತ್ರುಗಳೊಡನೆ ಹೋರಾಡಿ ಮಡಿದವರಿಗಾಗಿ ಕನ್ನಡನಾಡಿನ ಉದ್ದಗಲಕ್ಕೂ ವೀರಗಲ್ಲುಗಳು ನಿಂತಿವೆ. ಹಂದಿಯ ಬೇಟೆಯಲ್ಲಿ, ಹುಲಿಯೊಡನೆಯ ಸೆಣಸಿನಲ್ಲಿ ಸತ್ತವರಿಗೂ ಕಲ್ಲು ನಿಲ್ಲಿಸಿದ್ದುಂಟು. ಅಂಥ ಕಲ್ಲುಗಳಲ್ಲೆಲ್ಲ ಅಪೂರ್ವವಾದದ್ದು ದೊರೆತದ್ದು ಇಲ್ಲಿಂದ ದಕ್ಷಿಣಕ್ಕೆ, ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ. ಬೇಟೆಯ ನೆನಪನ್ನು ಹೇಗೆ ಉಳಿಸಬೇಕೆಂದು ತಿಳಿಯಬಯಸುವವರು ಅದರ ಕಥೆಯನ್ನು ಕೇಳಲೇಬೇಕು.

949-50ನೆಯ ಇಸವಿ. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣ ಮತ್ತು ಗಂಗರ ಇಮ್ಮಡಿ ಬೂತುಗ ಇವರ ಪಕ್ಷಕ್ಕೆ ಗೆಲುವಾಯಿತು; ಚೋಳ ರಾಜಾದಿತ್ಯ ಮಡಿದನು. ಆ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನೆಂಬ ವೀರನಿಗೆ, ಬೇಕಾದುದನ್ನು ಬೇಡಿಕೋ ಎಂಬ ಮಾತು ಒಡೆಯನಿಂದ ಬಂದಿತು. ಊರನ್ನು ಕೇಳಬಹುದಾಗಿತ್ತು, ಹೊನ್ನನ್ನು ಕೇಳಬಹುದಾಗಿತ್ತು. ಮಣಲೇರ ಕೇಳಿದ್ದು ಕಾಳಿ ಎಂಬ ಬೇಟೆಯ ನಾಯಿಯನ್ನು. ಬೆಳತೂರಿನ ಗುಡ್ಡದಲ್ಲಿ ದೊಡ್ಡದೊಂದು ಕಾಡುಹಂದಿಯ ಮೇಲೆ ಆ ನಾಯಿಯನ್ನು ಬಿಟ್ಟಾಗ ಎರಡೂ ಹೋರಾಡಿ ಒಟ್ಟಿಗೆ ಸತ್ತುವು.

ಮಣಲೇರ ಹಂದಿಯ ಕೋರೆಯನ್ನು ಕೊರಳಿಗೆ ಕಟ್ಟಿಕೊಳ್ಳಲಿಲ್ಲವೆಂದು ಯಾರೂ ಹೇಳಲಾರರು. ಹಾಗೆ ಕಟ್ಟಿಕೊಂಡಿದ್ದರೆ ಅದು ಎಂದೋ ಮಣ್ಣಾಗಿದೆ. ಉಳಿದದ್ದು ಅವನು ಆತಕೂರಿನ ದೇವಾಲಯದ ಮುಂದೆ ನಿಲ್ಲಿಸಿದ ಕಲ್ಲು. ನಾಯಿ ಮತ್ತು ಹಂದಿ ಸೆಣಸುತ್ತಿರುವ ಚಿತ್ರ ಅದರ ಮೇಲಿದೆ. ನಡೆದ ಕಥೆಯೂ ಅಕ್ಷರದಲ್ಲಿದೆ. ಕಲ್ಲಿನ ಪೂಜೆಗಾಗಿ ಭೂಮಿಯನ್ನು ಬಿಟ್ಟುಕೊಟ್ಟನು. ಅದನ್ನು ನೋಡಿಕೊಳ್ಳುವ ಗೊರವನು ಪೂಜೆ ಸಲ್ಲಿಸದೆ ಉಣ್ಣಬಾರದೆಂಬ ಕಟ್ಟಳೆಯನ್ನೂ ಕಲ್ಲಿನಲ್ಲಿಯೇ ಕೊರೆಯಿಸಿದನು. ಇಂದು ಈ ಶಿಲೆ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿದೆ. ಸಾವಿರದ ಎಪ್ಪತ್ತೈದು ವರ್ಷಗಳ ಹಿಂದೆ ಸತ್ತ ನಾಯಿಯ ಹೆಸರು ಇಂದಿನ ಶಾಲಾಬಾಲಕನಿಗೂ ತಿಳಿಯಲು ಸಾಧ್ಯವಾಗಿದೆ. ಕೊಂದ ಪ್ರಾಣಿಯನ್ನೂ ಕಾದಿದ ಪ್ರಾಣಿಯನ್ನೂ ಒಂದೇ ಕಲ್ಲಿನಲ್ಲಿ ಸಮನಾಗಿ ಕೂಡಿಸಿದ ಆ ಉದಾರ ದೃಷ್ಟಿ ಮುಂದಿನ ಕಾಲದ ಬೇಟೆಗಾರರ ಗೋಡೆಗಳಲ್ಲಿ ಅಪರೂಪವಾಗಿಯೇ ಕಾಣುತ್ತದೆ.

ಗೊರವನ ಟೊಪ್ಪಿಗೆ

ಗೊರವ ಎಂಬ ಹೆಸರು ಈ ಸೀಮೆಯಲ್ಲಿ ಇಂದಿಗೂ ಜೀವಂತವಾಗಿದೆ. ಮೈಲಾರಲಿಂಗನ ಒಕ್ಕಲಾದ ಗೊರವರು ಕಂಬಳಿಯ ಉಡುಪು ತೊಟ್ಟು, ಕೈಯಲ್ಲಿ ಡಮರು ಕೊಳಲುಗಳನ್ನು ಹಿಡಿದು, ತಲೆಗೆ ಕರಡಿಯ ಕೂದಲಿನ ದೊಡ್ಡ ಟೊಪ್ಪಿಗೆ ಧರಿಸಿ ಕುಣಿಯುವುದನ್ನು ಜಾತ್ರೆಗಳಲ್ಲಿ ನೋಡಿದವರು ಮರೆಯಲಾರರು. ಮೃಗದ ಚರ್ಮ ಇಲ್ಲಿ ಪರಾಕ್ರಮದ ಗುರುತಲ್ಲ, ದೇವರ ಸೇವೆಯ ಉಡುಗೆ. ಆದರೂ ಹೊಸದಾಗಿ ಕರಡಿಯ ಚರ್ಮವನ್ನು ಪಡೆಯುವ ಕಾಲ ಮುಗಿದುಹೋಗಿದೆ. ಇರುವುದನ್ನು ಜತನದಿಂದ ಕಾಯ್ದುಕೊಳ್ಳದೆ ವಿಧಿಯಿಲ್ಲ.

ಕರಡಿಯೊಂದು ಈ ಸೀಮೆಯನ್ನು ದೂರದ ದೇಶಗಳ ಓದುಗರಿಗೂ ಪರಿಚಯಿಸಿದೆ. ಬೆಂಗಳೂರಿನಲ್ಲಿ ನೆಲೆಸಿದ್ದ ಬೇಟೆಗಾರ, ಲೇಖಕ ಕೆನೆತ್ ಆಂಡರ್‌ಸನ್ ಬರೆದ ಕಥೆಯೊಂದು ಅರಸೀಕೆರೆಯ ಪೂರ್ವದ ಗುಡ್ಡಗಳಲ್ಲಿ, ಎಂದರೆ ತಿಪಟೂರಿನ ನೆರೆಯಲ್ಲಿಯೇ ನಡೆಯುತ್ತದೆ. ದರ್ಗಾ ಒಂದರ ಮೇಲ್ವಿಚಾರಕನ ಮಗನನ್ನು ಕರಡಿ ಕೊಂದದ್ದು, ಅದನ್ನು ಹುಡುಕಿಕೊಂಡು ಲೇಖಕ ಮತ್ತೆ ಮತ್ತೆ ಬಂದದ್ದು ಆ ಕಥೆಯ ವಸ್ತು. ಆಂಡರ್‌ಸನ್ನನ ಅನುಭವಗಳನ್ನು ಪೂರ್ಣಚಂದ್ರ ತೇಜಸ್ವಿಯವರು ‘ಕಾಡಿನ ಕಥೆಗಳು’ ಮಾಲೆಯಲ್ಲಿ ಕನ್ನಡಕ್ಕೆ ತಂದ ಮೇಲೆ ಅವು ಇಲ್ಲಿಯ ಮನೆಮನೆಯ ಓದಾದುವು. ಆ ಕರಡಿಯ ಚರ್ಮಕ್ಕಿಂತ ಅದರ ಕಥೆಯೇ ಹೆಚ್ಚು ಮನೆಗಳಿಗೆ ತಲಪಿತು. ಮಗನನ್ನು ಕಳೆದುಕೊಂಡ ತಂದೆಯ ದುಃಖವನ್ನೂ ಜೊತೆಗೆ ಕೊಂಡೊಯ್ಯಿತು. ಗೋಡೆಯ ಮೇಲಿನ ತಲೆ ಆ ದುಃಖವನ್ನು ಎಂದಿಗೂ ಹೇಳಲಾರದು.

ಕಾನೂನಿನ ಮಾತು

ಇನ್ನು ಅಟ್ಟದ ಮೇಲೆ ಉಳಿದ ಕೊಂಬಿನ ವಿಚಾರ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಯನ್ನು ನಿಷೇಧದ ಕಡೆಗೆ ತಿರುಗಿಸಿತಷ್ಟೇ ಅಲ್ಲ, ಕೊಂಬು, ಚರ್ಮ, ಉಗುರು, ಕೋರೆ ಮೊದಲಾದುವುಗಳ ಸ್ವಾಮ್ಯಕ್ಕೂ ಕಟ್ಟು ಹಾಕಿತು. ಅಂಥ ವಸ್ತುವುಳ್ಳವರು ಅದನ್ನು ಸರ್ಕಾರಕ್ಕೆ ತಿಳಿಸಿ ಒಡೆತನದ ಪ್ರಮಾಣಪತ್ರವನ್ನು ಪಡೆದಿರಬೇಕು. ಹಿಂದೆ ತಿಳಿಸದೆ ಉಳಿದವರಿಗೆ 2003ರಲ್ಲಿ 180 ದಿನಗಳ ಅವಕಾಶ ದೊರೆಯಿತು. ಪ್ರಮಾಣಪತ್ರವಿದ್ದರೂ ಮಾರುವಂತಿಲ್ಲ, ಉತ್ತರಾಧಿಕಾರದಿಂದ ಪಡೆದವರು 90 ದಿನಗಳೊಳಗೆ ಅಧಿಕಾರಿಗಳಿಗೆ ತಿಳಿಸಬೇಕು. ಜಿಂಕೆ, ಕಡವೆಗಳು ಪ್ರತಿವರ್ಷ ತಾವಾಗಿಯೇ ಕೊಂಬು ಉದುರಿಸುತ್ತವೆಂಬುದು ನಿಜ. ಆದರೆ ಕಾಡಿನಲ್ಲಿ ಬಿದ್ದುದನ್ನು ಆರಿಸಿ ತಂದೆನೆಂಬ ಮಾತು ಕಾನೂನಿನ ಮುಂದೆ ನಿಲ್ಲದು.

2023ರ ಅಕ್ಟೋಬರಿನಲ್ಲಿ ಹುಲಿಯುಗುರಿನ ಪದಕಗಳ ಸಂಬಂಧವಾಗಿ ಕರ್ನಾಟಕದಲ್ಲಿ ಶೋಧನೆಗಳೂ ಬಂಧನಗಳೂ ನಡೆದಾಗ ಅನೇಕ ಮನೆಗಳವರು ತಮ್ಮ ಪೆಟ್ಟಿಗೆ, ಅಟ್ಟಗಳನ್ನು ಹೊಸ ಕಣ್ಣಿನಿಂದ ನೋಡಬೇಕಾಯಿತು. ಅಜ್ಜನ ನೆನಪೆಂದು ಇಟ್ಟುಕೊಂಡದ್ದು ಮೊಮ್ಮಗನಿಗೆ ಅಪರಾಧವಾಗಬಹುದೆಂಬ ಅರಿವು ಕಹಿಯಾದದ್ದೇ. ಆ ಭಯದಲ್ಲಿ ಕೊಂಬನ್ನು ರಾತ್ರೋರಾತ್ರಿ ಕೆರೆಗೆ ಎಸೆಯುವುದಾಗಲಿ, ಒಲೆಗೆ ಹಾಕುವುದಾಗಲಿ ಜಾಣತನವಲ್ಲ. ಪ್ರಮಾಣಪತ್ರವುಳ್ಳವರು ಸ್ವಇಚ್ಛೆಯಿಂದ ಸರ್ಕಾರಕ್ಕೆ ಒಪ್ಪಿಸಲು 2022ರ ತಿದ್ದುಪಡಿ ದಾರಿ ಮಾಡಿಕೊಟ್ಟಿದೆ. ಅದಕ್ಕೆ ಪ್ರತಿಫಲ ದೊರೆಯುವುದಿಲ್ಲ. ಪತ್ರವಿಲ್ಲದವರು ತಿಳಿದ ವಕೀಲರ ಸಲಹೆ ಪಡೆದು ಅರಣ್ಯ ಇಲಾಖೆಯನ್ನು ಕಾಣುವುದು ಲೇಸು.

ಆದರೆ ಒಪ್ಪಿಸುವ ಮುನ್ನ ಮಾಡಬೇಕಾದ ಕೆಲಸವೊಂದಿದೆ. ಮನೆಯ ಹಿರಿಯರನ್ನು ಕೂರಿಸಿಕೊಂಡು ಆ ಕೊಂಬಿನ ಕಥೆಯನ್ನು ಕೇಳಿ ಬರೆದಿಡಬೇಕು. ಯಾವ ವರ್ಷ, ಯಾವ ಕಾವಲು, ಜೊತೆಗಿದ್ದವರು ಯಾರು, ಅಂದು ಅಲ್ಲಿ ಎಷ್ಟು ಹುಲ್ಲೆಗಳು ಕಾಣುತ್ತಿದ್ದುವು, ಈಗ ಆ ಜಾಗದಲ್ಲಿ ಏನಿದೆ? ಹೆಂಗಸರನ್ನೂ ಕೇಳಬೇಕು. ಬೇಟೆಯ ದಿನ ಗಂಡಸರು ಹೊರಟ ಮೇಲೆ ಮನೆಯಲ್ಲಿ ಕಾದು ಕುಳಿತವರ ನೆನಪಿನಲ್ಲಿ ಬೇರೆಯದೇ ಕಥೆಯಿರುತ್ತದೆ. ಅಂಥ ಒಂದು ಪುಟದ ಬರಹ ಮನೆಯಲ್ಲಿ ಉಳಿದರೆ ಕೊಂಬು ಹೋದರೂ ನಷ್ಟವಿಲ್ಲ. ಬರಹವಿಲ್ಲದೆ ಕೊಂಬು ಮಾತ್ರ ಉಳಿದರೆ ಉಳಿದದ್ದು ಬರಿಯ ಎಲುಬು. ಮಣಲೇರನ ಕಲ್ಲು ಕಲಿಸುವ ಪಾಠ ಇದೇ.

ಉದುರಿದ ಗರಿ

ತಿಪಟೂರಿನ ಈಶಾನ್ಯಕ್ಕೆ ಚಿಕ್ಕನಾಯಕನಹಳ್ಳಿ. ಹಾಗಲವಾಡಿಯ ಪಾಳೆಯಗಾರರ ನೆನಪು ಹೊತ್ತ ಈ ಊರಿನ ಆಚೆಗೆ ಸೀಮೆಯ ಮುಖ ಬದಲಾಗುತ್ತದೆ. ತೋಟಗಳ ಹಿಂದೆ ಗುಡ್ಡಗಳು ಎದ್ದು ನಿಲ್ಲುತ್ತವೆ. ಮದಲಿಂಗನ ಕಣಿವೆಯ ದಾರಿ ಕುರುಚಲು ಕಾಡಿನೊಳಗೆ ಹಾಯುತ್ತದೆ. ಬೋರನಕಣಿವೆಯ ಜಲಾಶಯ ಬೆಟ್ಟಗಳ ನಡುವೆ ತೆರೆದುಕೊಳ್ಳುತ್ತದೆ. ನೆರೆಯ ಸಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕಾಡನ್ನು 2019ರಲ್ಲಿ ಚಿಂಕಾರ ವನ್ಯಧಾಮವೆಂದು ಘೋಷಿಸಿದರು. ಚಿಂಕಾರ ಎಂಬ ಈ ಪುಟ್ಟ ಹುಲ್ಲೆ ಒಣ ಸೀಮೆಯ ಜೀವಿ. ಬರಡೆಂದು ಜನ ಕಡೆಗಣಿಸಿದ್ದ ಕುರುಚಲಿನಲ್ಲಿ ಅದು ಸದ್ದಿಲ್ಲದೆ ಬದುಕಿಕೊಂಡಿತ್ತು.

ತೋಟಗಳಲ್ಲಿ ಈಗ ಕಾಣುವ ಕಾಡಿನ ಅತಿಥಿ ನವಿಲು. 1963ರಲ್ಲಿ ರಾಷ್ಟ್ರಪಕ್ಷಿಯಾದ ಈ ಹಕ್ಕಿಗೆ 1972ರ ಕಾಯಿದೆ ಪೂರ್ಣ ರಕ್ಷಣೆ ನೀಡಿತು. ಅದನ್ನು ಕೊಂದವರಿಗೆ ಸೆರೆವಾಸ ಕಾದಿದೆ. ಬಿತ್ತಿದ ಕಾಳನ್ನು ಹೆಕ್ಕುತ್ತದೆ, ಪೈರನ್ನು ತುಳಿಯುತ್ತದೆ ಎಂದು ರೈತರು ಗೊಣಗುವುದುಂಟು. ಆ ಗೊಣಗಾಟದಲ್ಲಿ ನ್ಯಾಯವೂ ಉಂಟು. ಆದರೂ ಮುಂಗಾರಿನ ಮೋಡ ಕವಿದ ಸಂಜೆ ತೆಂಗಿನ ಸಾಲಿನ ನಡುವೆ ಗಂಡು ನವಿಲು ಗರಿ ಬಿಚ್ಚಿ ನಿಂತಾಗ ಗೊಣಗುವವರೂ ಒಂದು ಗಳಿಗೆ ಗುದ್ದಲಿಯನ್ನು ಊರಿ ನೋಡುತ್ತಾರೆ.

ಮಳೆಗಾಲ ಮುಗಿಯುತ್ತ ಬಂದಂತೆ ಗಂಡು ನವಿಲು ತನ್ನ ನೂರೈವತ್ತಕ್ಕೂ ಹೆಚ್ಚಿನ ಉದ್ದ ಗರಿಗಳನ್ನು ತಾನಾಗಿಯೇ ಉದುರಿಸುತ್ತದೆ. ಮರುವರ್ಷಕ್ಕೆ ಹೊಸವು ಬೆಳೆಯುತ್ತವೆ. ಹೀಗೆ ಉದುರಿದ ಗರಿಗೆ ಕಾನೂನೂ ರಿಯಾಯಿತಿ ತೋರಿಸಿದೆ. ಕೊಂದು ಕಿತ್ತ ಗರಿಗೂ ಉದುರಿದ ಗರಿಗೂ ಇರುವ ಭೇದವನ್ನು ಬಲ್ಲವರು ಬುಡವನ್ನು ನೋಡಿ ಹೇಳುತ್ತಾರೆ: ಉದುರಿದ ಗರಿಯ ಬುಡ ಒಣಗಿ ಚೊಕ್ಕಟವಾಗಿರುತ್ತದೆ, ಕಿತ್ತದ್ದರಲ್ಲಿ ರಕ್ತ ಮಾಂಸದ ಕಲೆ ಉಳಿದಿರುತ್ತದೆ.

ಈ ಗರಿಯನ್ನು ಕಾಯುವುದೂ ಸುಲಭ. ಬಿಳಿಗಾರ ಬೇಡ, ಪಾಷಾಣ ಬೇಡ. ಮೆತ್ತನೆಯ ಬಟ್ಟೆಯಿಂದ ಬುಡದಿಂದ ತುದಿಯ ಕಡೆಗೆ ಧೂಳು ಒರಸಿ, ತೇವವಿಲ್ಲದ, ನೇರ ಬಿಸಿಲು ಬೀಳದ ಕಡೆ ನಿಲ್ಲಿಸಿದರೆ ಸಾಕು. ಪೆಟ್ಟಿಗೆಯಲ್ಲಿಡುವುದಾದರೆ ಒಣಗಿದ ಬೇವಿನ ಎಲೆಯನ್ನೋ ಕರ್ಪೂರವನ್ನೋ ಜೊತೆಗಿಟ್ಟರಾಯಿತು. ಅದರ ನೀಲಿ ಹಸುರುಗಳು ಬಣ್ಣ ಬಳಿದಂಥವಲ್ಲ. ಎಳೆಗಳ ಅತಿಸೂಕ್ಷ್ಮವಾದ ಕಟ್ಟಡದ ಮೇಲೆ ಬಿದ್ದ ಬೆಳಕೇ ಹಾಗೆ ತೋರುತ್ತದೆ. ಗರಿಯನ್ನು ಪುಡಿಮಾಡಿದರೆ ಕೈಗೆ ಸಿಗುವುದು ಬರಿಯ ಕಂದುಬಣ್ಣದ ಹುಡಿ. ನೀರಿನಲ್ಲಿ ನೆನೆದ ಗರಿ ತನ್ನ ಬಣ್ಣ ಕಳೆದುಕೊಳ್ಳುವುದನ್ನು ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ 1665ರಷ್ಟು ಹಿಂದೆಯೇ ಗಮನಿಸಿ ಬರೆದಿದ್ದನು.

ಪುಸ್ತಕದ ಹಾಳೆಗಳ ನಡುವೆ ನವಿಲುಗರಿಯ ಎಳೆಯನ್ನಿಟ್ಟು, ಅದು ಮರಿಹಾಕುವುದೆಂದು ದಿನಕ್ಕೆ ಹತ್ತು ಸಲ ತೆರೆದು ನೋಡದ ಮಕ್ಕಳು ಕನ್ನಡನಾಡಿನಲ್ಲಿ ವಿರಳ. ಪುಸ್ತಕದೊಳಗಿನ ಗರಿ ಮರಿಹಾಕುವುದಿಲ್ಲವೆಂದು ದೊಡ್ಡವರಾದ ಮೇಲೆ ಎಲ್ಲರಿಗೂ ತಿಳಿಯುತ್ತದೆ. ಆದರೆ ತೋಟದ ಬೇಲಿಯಾಚೆ ಅದನ್ನು ಉದುರಿಸಿ ಹೋದ ಹಕ್ಕಿ ಜೀವದಿಂದಿದೆ. ಮುಂದಿನ ಮಳೆಗಾಲಕ್ಕೆ ಅದು ಹೊಸ ಗರಿಗಳೊಡನೆ ಮತ್ತೆ ಬರುತ್ತದೆ.